ರಬ್ಬರ್ ಡಿಶ್ಶಿನಲ್ಲಿ ತೊಳೆದ ಮದುವೆ

ಕಡಬ
11-11-1979

ಚಿ. ಕುಮುದಿನಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಅಮ್ಮ ದಮಯಂತಿಯ ಮೊಣಕಾಲು ನೋವು ಹೇಗುಂಟು? ನನ್ನ ತಮ್ಮ, ನಿನ್ನ ಅಪ್ಪ ತೀರ್ಥರಾಮ, ನಿಜವಾಗಿ ಬೀಡಿ ಬಿಟ್ಟನೋ, ಇಲ್ಲ ನಿಮ್ಮೆದುರು ಮಾತ್ರ ಬಿಟ್ಟಿದ್ದಾನೋ? ಅವನ ಕೆಮ್ಮು ಏನು ಹೇಳುತ್ತದೆಂದು ಬರೆ, ಅದು ಸುಳ್ಳು ಹೇಳುವುದಿಲ್ಲ. ಇಲ್ಲಿ ನಿನ್ನ ದೊಡ್ಡಮ್ಮ ಸೇವಂತಿ ಆರಾಮ. ನನಗೆ ಬಾಯಿಯೊಂದು ಬಿಟ್ಟರೆ ಬೇರೆ ಕಾಯಿಲೆ ಇಲ್ಲ ಎಂದು ಅವಳೇ ಹೇಳುತ್ತಾಳೆ.

ನಿನ್ನ ಕಾಗದ ಬಂತು. ಫೋಟೋ ತೊಳೆಯುವ ಮೂರು ಪ್ಲಾಸ್ಟಿಕ್ ಟ್ರೇಗೆ ಮಂಗಳೂರಿನ ಅಂಗಡಿಯವ ಹೇಳಿದ ಕ್ರಯ ಓದಿ, ಬರೆಯುವಾಗ ನಿನ್ನ ಕೈಯಿಂದ ಒಂದು ಸೊನ್ನೆ ಹೆಚ್ಚು ಬಿದ್ದಿರಬೇಕು ಎಂದುಕೊಂಡೆ. ಪಕ್ಕದಲ್ಲಿ ಅಕ್ಷರದಲ್ಲೂ ಬರೆದಿದ್ದೀ ಎಂದು ಕಂಡಾಗ ಕನ್ನಡಕ ತೆಗೆದು ಒರೆಸಿದೆ. ಟ್ರೇ ಎಂದರೆ ಎಂತ? ನಾಲ್ಕು ಬದಿಗೆ ಅಂಚು, ಒಂದು ಮೂಲೆಯಲ್ಲಿ ನೀರು ಚೆಲ್ಲಲು ಮೂತಿ. ನಮ್ಮ ನಾಯಿಗೆ ಅನ್ನ ಹಾಕುವ ಪಾತ್ರೆಗೂ ಅದಕ್ಕೂ ಇರುವ ವ್ಯತ್ಯಾಸ ಮೇಲೆ ಅಂಟಿಸಿದ ಚೀಟಿ ಮಾತ್ರ. ಬಂದವ ಹವ್ಯಾಸದವ ಎಂದು ಗೊತ್ತಾದ ಕೂಡಲೇ ಅಂಗಡಿಯವನ ಮುಖದಲ್ಲಿ ಮೂಡುವ ನಗುವನ್ನು ನಾನು ಬಲ್ಲೆ. ಹೊಟ್ಟೆಪಾಡಿನವ ಚೌಕಾಶಿ ಮಾಡುತ್ತಾನೆ. ಹವ್ಯಾಸದವ ನಾಚಿಕೆಪಟ್ಟು, ಕೇಳಿದಷ್ಟು ಕೊಟ್ಟು, ಮನೆಗೆ ಬಂದು ಹೆಂಡತಿಯ ಹತ್ತಿರ ಅರ್ಧ ಕ್ರಯ ಹೇಳುತ್ತಾನೆ. ಇಂಥ ಗಿರಾಕಿ ಸಿಕ್ಕಿದರೆ ಯಾರಾದರೂ ಕ್ರಯ ಏರಿಸದೆ ಇರುತ್ತಾರಾ?

ನಾನು ಈ ವಿದ್ಯೆ ಕಲಿತದ್ದು ನೆಟ್ಟಣದಲ್ಲಿ ರೈಲಿನ ಕೆಲಸ ನಡೆಯುವಾಗ, ಅಲ್ಲಿದ್ದ ಒಬ್ಬ ಓವರ್ಸಿಯರ್ ತೊಳೆಯುವುದನ್ನು ನೋಡಿ ನೋಡಿ. ನಿನ್ನ ಕೈಯಲ್ಲಿರುವ ಮಡಚುವ ಕ್ಯಾಮೆರಾ ಅವರು ವರ್ಗವಾಗಿ ಹೋಗುವಾಗ ಕೊಟ್ಟದ್ದೇ. ನನ್ನ ಕತ್ತಲೆ ಕೋಣೆ ಎಂದರೆ ಸೌದೆ ಕೊಟ್ಟಿಗೆ. ಕೆಂಪು ದೀಪ ಎಂದರೆ ಲಾಟೀನಿಗೆ ಸುತ್ತಿದ ಕೆಂಪು ಕಾಗದ. ಫೋಟೋ ದೊಡ್ಡದು ಮಾಡುವ ಯಂತ್ರ ನನ್ನಲ್ಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಫೋಟೋ ಅಷ್ಟೇ ದೊಡ್ಡದು. ಆದರೂ ಈ ಊರಿನ ಅರ್ಧ ಮನೆಗಳ ಗೋಡೆಯಲ್ಲಿ ತೂಗುವ ಮುಖಗಳು ಆ ಕೊಟ್ಟಿಗೆಯಿಂದಲೇ ಹೊರಟವು.

ಹಾಗಾಗಿ ಆ ಟ್ರೇ ನೀನು ಕೊಳ್ಳಬೇಡ. ಬೇಲಿಯಾಚೆಯ ಕುರಿಯನ್ ರಬ್ಬರ್ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಲು ಅಲ್ಯೂಮಿನಿಯಂ ಡಿಶ್ ಇಟ್ಟುಕೊಂಡಿದ್ದಾನೆ. ಅಳತೆ ನೋಡಿದರೆ ಫೋಟೋದವರೇ ಹೇಳಿ ಮಾಡಿಸಿದ ಹಾಗುಂಟು. ಅವನ ಹಳೆಯದೊಂದು ನನ್ನ ಕೊಟ್ಟಿಗೆಯಲ್ಲೂ ಉಂಟು. ಇನ್ನು ಮೂರು ಕೇಳಿದೆ.

“ಎಂತಕ್ಕೆ ಗೌಡ್ರೆ, ನೀವೂ ರಬ್ಬರ್ ಶುರು ಮಾಡಿದ್ರಾ?” ಎಂದ.

“ಇಲ್ಲ ಮಾರಾಯ, ನಾನು ಮನುಷ್ಯರ ಮುಖ ಹೆಪ್ಪುಗಟ್ಟಿಸುದು,” ಎಂದೆ.

ನಗುತ್ತಾ ಕೊಟ್ಟ. ಬುಧವಾರದ ಬಸ್ಸಿನಲ್ಲಿ ಕಂಡಕ್ಟರ್ ಅಬ್ದುಲ್ ರಹ್ಮಾನನ ಕೈಯಲ್ಲಿ ಕಳಿಸುತ್ತೇನೆ. ನಿಮ್ಮ ದರ್ಬೆ ಸ್ಟಾಪಿನಲ್ಲಿ ನಿಂತು ತೆಗೆದುಕೋ.

ಇನ್ನು ಮುಖ್ಯ ವಿಷಯ. ಕುರಿಯನ್‌ನ ಮಗಳು ಆಲೀಸಿಗೆ ಮದುವೆ, ಜನವರಿ ಇಪ್ಪತ್ತೊಂದು ಸೋಮವಾರ. ಅವಳು ನಿನ್ನ ಜೊತೆ ಹೊಲಿಗೆ ಕಲಿತವಳು, ಫೋಟೋ ನೀನೇ ತೆಗೆಯಬೇಕೆಂದು ಅವಳ ತಾಯಿ ಅಚ್ಚಾಮ್ಮ ಹೇಳಿದ್ದಾಳೆ. ನಿನ್ನ ಪರವಾಗಿ ನಾನು ಒಪ್ಪಿದೆ. ಕುರಿಯನ್‌ನ ತಾಯಿ ರಾಹೇಲ್ ಪಾಲಾ ಕಡೆ ಇದ್ದಾರೆ, ಬಸ್ಸಿನಲ್ಲಿ ಕೂರುವ ಸ್ಥಿತಿಯಲ್ಲಿಲ್ಲ. ಮೊಮ್ಮಗಳ ಮದುವೆಯನ್ನು ಆ ಮುದುಕಿ ನೋಡುವುದು ನಿನ್ನ ಫೋಟೋದಲ್ಲಿ ಮಾತ್ರ. ಈ ಮದುವೆ ಸರಿಬಂದರೆ ಕ್ಯಾಮೆರಾ ಇಟ್ಟುಕೊ, ಇಲ್ಲವಾದರೆ ಆ ಪೆಟ್ಟಿಗೆ ದೊಡ್ಡಪ್ಪನಿಗೆ ವಾಪಸು ಎಂದು ನಿನ್ನ ಅಪ್ಪ ಹೇಳಿದ್ದಾನಂತೆ. ಹೇಳಲಿ. ಅವನಿಗೆ ಉತ್ತರ ಕೊಡಲು ಒಂದು ಮದುವೆ ಧಾರಾಳ ಸಾಕು.

ಇತಿ,
ಬೋಜಪ್ಪ ದೊಡ್ಡಪ್ಪ

*

ಕಡಬ
18-12-1979

ಚಿ. ಕುಮುದಿನಿಗೆ ಆಶೀರ್ವಾದ.

ಎಲ್ಲರೂ ಕ್ಷೇಮ. ದಮಯಂತಿಗೆ ಕಳಿಸಿದ ಎಣ್ಣೆ ತಿಕ್ಕುತ್ತಿದ್ದಾಳಾ ಅಥವಾ ಬಾಟಲಿಯನ್ನು ಚೆಂದ ನೋಡುತ್ತಿದ್ದಾಳಾ?

ಪುತ್ತೂರಿನ ಆ ಛಾಯಾಗ್ರಾಹಕರ ಬಳಗಕ್ಕೆ ಹೋದ ಸಂಗತಿ ಓದಿದೆ. ನೀನು ಬರೆದ ರೀತಿಗೆ ಕಣ್ಣಿಗೆ ಕಟ್ಟಿತು. ಕುರ್ಚಿಗಿಂತ ಕ್ಯಾಮೆರಾ ಹೆಚ್ಚು, ಕ್ಯಾಮೆರಾಕ್ಕಿಂತ ಅದರ ಚರ್ಮದ ಚೀಲ ಹೆಚ್ಚು. ಒಬ್ಬರ ಕಣ್ಣು ಇನ್ನೊಬ್ಬರ ಲೆನ್ಸಿನ ಮೇಲೆ. ಕ್ರಯ ಏರಿತೆಂದು ಅವರು ಗೋಳಾಡುತ್ತಿದ್ದರಂತೆ. ಗೋಳಲ್ಲ ಮಗಾ ಅದು, ಹೆಮ್ಮೆ. ಕಳೆದ ವರ್ಷ ತಾನು ಕೊಂಡದ್ದು ಈ ವರ್ಷ ಇನ್ನೊಬ್ಬನಿಗೆ ಸಿಗುವುದಿಲ್ಲ ಎಂಬ ಸಂತೋಷಕ್ಕೆ ಅವರು ಇಟ್ಟ ಹೆಸರು ಗೋಳು.

ಅಲ್ಲಿಯ ದೊಡ್ಡವರು, ಆ ಹಲ್ಲಿನ ಡಾಕ್ಟ್ರು, ನಿನ್ನ ಡಿಶ್ಶಿನ ವಿಷಯ ಕೇಳಿ, “ಅಲ್ಯೂಮಿನಿಯಂ ಆಗುದಿಲ್ಲಮ್ಮ, ಡೆವಲಪರ್ ಕೆಟ್ಟು ಫಿಲ್ಮ್ ಹಾಳಾಗ್ತದೆ,” ಎಂದರಂತೆ. ಅದು ಹೌದಾ ಎಂದು ನನ್ನನ್ನು ಕೇಳಿದ್ದೀ. ನಾನು ನಿನ್ನನ್ನು ಒಂದು ಕೇಳುತ್ತೇನೆ: ಆ ಮಹಾಶಯರು ಸ್ವಂತ ಕೈಯಿಂದ ತೊಳೆದ ಒಂದು ಫೋಟೋ ನಿನಗೆ ತೋರಿಸಿದರಾ? ಲೆನ್ಸ್ ತೋರಿಸಿದರು, ಮೂರು ಕಾಲಿನ ಸ್ಟ್ಯಾಂಡ್ ತೋರಿಸಿದರು, ಪುಸ್ತಕ ತೋರಿಸಿದರು. ಫೋಟೋ? ಹಲ್ಲಿಲ್ಲದ ಬಾಯಿಗೆ ಚಿನ್ನದ ಚಮಚ ಹಿಡಿದು ಕುಳಿತವರು ನಮಗೆ ಉಣ್ಣಲು ಕಲಿಸುವುದು ಬೇಡ. ಪುಸ್ತಕ ಬರೆಯುವವನಿಗೂ ಟ್ರೇ ಮಾರುವವನಿಗೂ ಎಲ್ಲೋ ನೆಂಟಸ್ತಿಕೆ ಇದ್ದೇ ಇರುತ್ತದೆ.

ಬೆಳ್ಳಿಯ ಕ್ರಯ ಏರಿದ್ದರಿಂದ ಫಿಲ್ಮೂ ಕಾಗದವೂ ಇನ್ನಷ್ಟು ಏರುತ್ತದೆ ಎಂದು ಪೇಪರಿನಲ್ಲಿ ಬಂದಿದೆ. ಫಿಲ್ಮಿಗೆ ಬಳಿಯುವುದು ಬೆಳ್ಳಿಯಂತೆ! ಇಷ್ಟು ವರ್ಷ ನಾನು ತೊಳೆದು ಬಾಳೆಬುಡಕ್ಕೆ ಚೆಲ್ಲಿದ ನೀರಿನಲ್ಲಿ ಅಷ್ಟು ಬೆಳ್ಳಿ ಇದ್ದಿದ್ದರೆ ನಮ್ಮ ಬಾಳೆಗೊನೆಯನ್ನು ಸಂತೆಗಲ್ಲ, ಚಿನ್ನದ ಅಂಗಡಿಗೆ ಒಯ್ಯಬೇಕಿತ್ತು.

ಆದ್ದರಿಂದ ಮದುವೆಗೆಂದು ತಂದ ಎರಡು ರೋಲಿನಲ್ಲಿ ಒಂದು ಇಂಚು ಫಿಲ್ಮ್ ಕೂಡ ಪರೀಕ್ಷೆಗೆಂದು ಹಾಳುಮಾಡಬೇಡ. ಚಿತ್ರ ಮೂಡಿಸುವ ಡೆವಲಪರಿಗೂ ಅದೇ ಡಿಶ್, ಮೂಡಿದ್ದನ್ನು ನಿಲ್ಲಿಸುವ ಹೈಪೋಗೂ ಅದೇ ಡಿಶ್. ನಿಶ್ಚಿಂತೆಯಿಂದ ತೊಳೆ. ಹೇಳುತ್ತಿರುವುದು ನಾನು.

ಇತಿ,
ಬೋಜಪ್ಪ ದೊಡ್ಡಪ್ಪ

*

ದರ್ಬೆ, ಪುತ್ತೂರು
29-1-1980

ಪೂಜ್ಯ ದೊಡ್ಡಪ್ಪನಿಗೆ ನಮಸ್ಕಾರ.

ಮದುವೆ ಚೆನ್ನಾಗಿ ನಡೆದದ್ದನ್ನು ನೀವೇ ನೋಡಿದ್ದೀರಿ. ಎರಡು ರೋಲನ್ನೂ ಮುಗಿಸಿ ತಂದಿದ್ದೆ.

ಬಚ್ಚಲ ಕಿಟಕಿಗೆ ಕಂಬಳಿ ಕಟ್ಟಿ, ನೀವು ಕಳಿಸಿದ ಡಿಶ್ಶಿಗೆ ಡೆವಲಪರ್ ಸುರಿದು, ಒಂದರ ಹಿಂದೆ ಒಂದು ತೊಳೆದೆ. ಕತ್ತಲೆಯಲ್ಲಿ ಡಿಶ್ ಸೋಡಾ ಬಾಟಲಿಯ ಹಾಗೆ ಸಣ್ಣಗೆ ಸದ್ದು ಮಾಡುತ್ತಿತ್ತು. ಹಾಗೇ ಇರಬೇಕು ಎಂದುಕೊಂಡೆ, ಹೇಳಿದ್ದು ನೀವಲ್ಲವೇ. ದೀಪ ಹಾಕಿ ನೋಡಿದರೆ ಎರಡೂ ರೋಲ್ ದೋಸೆ ಕಾವಲಿಯ ಹಾಗೆ ಕಪ್ಪು. ನಡುನಡುವೆ ಸಿಡುಬಿನ ಕಲೆಯಂಥ ಚುಕ್ಕೆಗಳು. ಒಂದು ಕಡೆ ಆಲೀಸಿನ ಕೈ ಕಾಣುತ್ತದೆ. ಅದನ್ನು ಯಾರು ಹಿಡಿದಿದ್ದಾರೆಂದು ಕಾಣುವುದಿಲ್ಲ.

ಅಪ್ಪ ಬೈಯಲಿಲ್ಲ. “ಸರಿ, ಮುಗೀತಲ್ಲ,” ಎಂದು ಸ್ನಾನಕ್ಕೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಕುರಿಯನ್ ಮಾಮನಿಗೆ ಹೇಳಲು ನನ್ನಿಂದಾಗದು. ನೀವು ಹೇಳಿ. ಕ್ಯಾಮೆರಾ ಬಸ್ಸಿನಲ್ಲಿ ಕಳಿಸುತ್ತೇನೆ. ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿಡುತ್ತೇನೆ, ಹಾಳಾಗುವುದಿಲ್ಲ. ಹಾಳುಮಾಡುವ ಕೆಲಸವನ್ನು ನಾನು ನಿಲ್ಲಿಸಿದ್ದೇನೆ.

ಒಂದೇ ಪ್ರಶ್ನೆ. ಆ ಡಿಶ್ಶಿನಲ್ಲಿ ನೀವು ಒಂದು ಸಲವಾದರೂ ಫಿಲ್ಮ್ ತೊಳೆದಿದ್ದೀರಾ? ಅದಕ್ಕೆ ಮಾತ್ರ ಉತ್ತರ ಬರೆಯಿರಿ.

ಇತಿ,
ಕುಮುದಿನಿ

*

ಕಡಬ
10-2-1980

ಚಿ. ಕುಮುದಿನಿಗೆ,

ಈ ಸಲ ಯಾರ ಕ್ಷೇಮವನ್ನೂ ಕೇಳುವ ಮುಖ ನನಗಿಲ್ಲ. ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ, ತೊಳೆದಿಲ್ಲ.

ಡೆವಲಪರಿಗೆ ನಾನು ಬಳಸುವುದು ಓವರ್ಸಿಯರ್ ಬಿಟ್ಟುಹೋದ ಎನಾಮಲ್ ಬೋಗುಣಿ. ಕುರಿಯನ್‌ನ ಡಿಶ್ ಕೊನೆಯಲ್ಲಿ ನೀರಿನಲ್ಲಿ ಅದ್ದಲು ಮಾತ್ರ. ನೀರು ಹಿಡಿದ ಪಾತ್ರೆ ಎಲ್ಲವನ್ನೂ ಹಿಡಿಯುತ್ತದೆ ಎಂದುಕೊಂಡು ನಿನಗೆ ಹಾಗೆ ಬರೆದುಬಿಟ್ಟೆ. ಅಂಗಡಿಯವನನ್ನು ಹೀಯಾಳಿಸುವ ಭರದಲ್ಲಿ, ಡಾಕ್ಟ್ರನ್ನು ಹೀಯಾಳಿಸುವ ಭರದಲ್ಲಿ. ನಿನ್ನ ಕಾಗದ ಬಂದ ಮೇಲೆ ನನ್ನ ಹತ್ತಿರ ಉಳಿದಿದ್ದ ಒಂದು ತುಂಡು ಫಿಲ್ಮನ್ನು ಅದೇ ಥರದ ಡಿಶ್ಶಿನಲ್ಲಿ ತೊಳೆದು ನೋಡಿದೆ. ಸೋಡಾದ ಸದ್ದು ನನಗೂ ಕೇಳಿಸಿತು. ಒಂದು ತುಂಡು ಫಿಲ್ಮಿನ ಪರೀಕ್ಷೆ ಮದುವೆಗೆ ಮೊದಲು ಮಾಡಬಹುದಿತ್ತು. ಬೇಡ ಎಂದು ನಿನಗೆ ಬರೆದ ಬುದ್ಧಿವಂತ ಯಾರು ಎಂದು ನಿನಗೆ ಗೊತ್ತುಂಟು.

ನಿನ್ನೆ ಕುರಿಯನ್‌ನ ಅಂಗಳಕ್ಕೆ ಹೋಗಿ ಹೇಳಿದೆ. ಅವನು ರಬ್ಬರ್ ಶೀಟ್ ಒಣಗಲು ಹಾಕುತ್ತಿದ್ದವ ಹಾಗೇ ನಿಂತ.

“ಒಂದೂ ಇಲ್ವಾ?”

“ಒಂದೂ ಇಲ್ಲ.”

“ನನ್ನ ಡಿಶ್ಶಿನಲ್ಲೇ?”

“ನಿನ್ನ ಡಿಶ್ಶಿನಲ್ಲೇ.”

“ಗೌಡ್ರೆ, ಮನುಷ್ಯರ ಮುಖ ಹೆಪ್ಪುಗಟ್ಟಿಸುದು ಅಂದ್ರಲ್ಲ, ನನ್ನ ಮಗಳ ಮುಖ ಎಲ್ಲಿ? ರಬ್ಬರ್ ಆದ್ರೆ ಕೆಟ್ಟ ಶೀಟನ್ನೂ ಸ್ಕ್ರ್ಯಾಪಿಗೆ ಕೊಡ್ಲಿಕ್ಕಾಗ್ತದೆ. ಇದನ್ನು ಯಾರಿಗೆ ಕೊಡುದು? ಅಲ್ಲಿ ಪಾಲಾದಲ್ಲಿ ನನ್ನ ಅಮ್ಮಚ್ಚಿ ದಿವಸಾ ಅಂಚೆಯವನ ದಾರಿ ನೋಡ್ತಿದ್ದಾಳಂತೆ. ಎಂತ ಕಳಿಸ್ಲಿ, ಡಿಶ್ ಕಳಿಸ್ಲಾ?”

ನನ್ನ ಇಷ್ಟು ವಯಸ್ಸಿನಲ್ಲಿ ಇನ್ನೊಬ್ಬರ ಅಂಗಳದಲ್ಲಿ ಮಾತಿಲ್ಲದೆ ನಿಂತದ್ದು ಅದೇ ಮೊದಲು. ಅವನು ಉಪ್ಪಿನಂಗಡಿಯ ಸ್ಟುಡಿಯೋದವನನ್ನೇ ಕರೆಸಬೇಕಿತ್ತು ಎಂದ. ಹೌದು ಎಂದೆ. ಹವ್ಯಾಸದವರನ್ನು ನಂಬಿ ಕೆಟ್ಟೆ ಎಂದ. ಅದಕ್ಕೂ ಹೌದೆಂದೆ.

ಒಳಗಿಂದ ಅಚ್ಚಾಮ್ಮ ಬಂದಳು. “ಮದುವೆ ಆಗಿದೆಯಲ್ಲ, ಫೋಟೋ ತಾನೇ ಹೋದದ್ದು? ಈಸ್ಟರ್ ಕಳೆದ ಮೇಲೆ ಆಲೀಸೂ ಅಳಿಯ ಡೊಮಿನಿಕ್ಕೂ ಬರ್ತಾರೆ. ಮದುವೆಯ ಮಂತ್ರಕೋಡಿ ಸೀರೆ ಇನ್ನೊಂದು ಸಲ ಉಟ್ರೆ ಸವೆದು ಹೋಗುದಿಲ್ಲ. ಉಟ್ಟು ನಿಲ್ಲಲಿ,” ಎಂದಳು.

“ಯಾರು ತೆಗೀತಾರೆ? ಈ ಗೌಡ್ರಾ?” ಎಂದು ಕುರಿಯನ್ ನನ್ನನ್ನು ಬೆರಳಿನಿಂದ ತೋರಿಸಿದ, ಮಾರಲು ಬಂದ ಮುದಿ ಎತ್ತನ್ನು ತೋರಿಸಿದ ಹಾಗೆ.

“ಕುಮುದಿನಿ ತೆಗೀತಾಳೆ. ಕೆಡಿಸಿದ್ದು ಹುಡುಗಿಯಾ, ಡಿಶ್ಶಾ?”

ಹೀಗೆಂದು ಅವಳು ಒಳಗೆ ಹೋದಳು. ಕುರಿಯನ್ ಬೇಡ ಎನ್ನದೆ ಉಳಿದ ಶೀಟ್ ಒಣಗಲು ಹಾಕತೊಡಗಿದ. ಇನ್ನು ನೀನು ಹೇಳಬೇಕು.

ಇತಿ,
ಬೋಜಪ್ಪ

*

ಕಡಬ
9-3-1980

ಚಿ. ಕುಮುದಿನಿಗೆ ಆಶೀರ್ವಾದ.

ದಮಯಂತಿ, ತೀರ್ಥರಾಮ, ನೀನು, ಮೂವರೂ ಕ್ಷೇಮವೆಂದು ಅಬ್ದುಲ್ ರಹ್ಮಾನನಿಂದ ತಿಳಿಯಿತು. ನಿನ್ನಿಂದ ತಿಳಿಯಲಿಲ್ಲ. ಕ್ಯಾಮೆರಾ ಬಂತು. ಗಂಟು ಬಿಚ್ಚಿದ ಸೇವಂತಿ ನನ್ನನ್ನೊಮ್ಮೆ ನೋಡಿ, ಅದನ್ನು ಅಟ್ಟದ ಮೇಲೆ ಇಟ್ಟಳು.

ಕಳೆದ ವಾರ ನಾನೇ ಮಂಗಳೂರಿಗೆ ಹೋದೆ, ಟ್ರೇ ತರಲು. ಹೌದು, ನಾನು, ಆ ಅಂಗಡಿಗೆ. ಗಾಜಿನ ಹಿಂದೆ ಕುಳಿತವ ನನ್ನ ಪಂಚೆಯನ್ನೂ ಕೊಡೆಯನ್ನೂ ನೋಡಿ, “ಕೃಷಿ ಸಾಮಾನು ಮುಂದಿನ ಬೀದಿ,” ಎಂದ. ಫೋಟೋದ ಟ್ರೇ ಎಂದೆ. ಬಿಡಿಯಾಗಿ ಕೊಡುವುದಿಲ್ಲ, ಈಗ ಎಲ್ಲ ಸೆಟ್ಟು ಎಂದ. ಸೆಟ್ಟಿನಲ್ಲಿ ಎಂತೆಲ್ಲ ಉಂಟೆಂದು ಕೇಳಿದೆ. ಮೂರು ಟ್ರೇಯ ಜೊತೆಗೆ ಇಕ್ಕುಳ, ಗಂಟೆ ಹೊಡೆಯುವ ಗಡಿಯಾರ, ಬಟ್ಟೆಯ ಮೇಲೆ ಔಷಧಿ ಚೆಲ್ಲದ ಹಾಗೆ ಕಟ್ಟಿಕೊಳ್ಳುವ ಏಪ್ರನ್! ಏಪ್ರನ್ ಬೇಡ, ನನ್ನ ಬಟ್ಟೆಯ ಮೇಲೆ ಈಗಾಗಲೇ ಚೆಲ್ಲಿದೆ ಎಂದೆ. “ಬೇಡವಾದರೂ ಕ್ರಯ ಅದೇ. ಮುಂದಿನ ತಿಂಗಳು ಇದೂ ಇರುವುದಿಲ್ಲ,” ಎಂದ. ನಮ್ಮ ಅವಸರವನ್ನು ಮೂಸಿ ಕ್ರಯ ಕಟ್ಟುವ ಜಾತಿ. ಬರಿಗೈಯಲ್ಲಿ ಬಂದೆ. ಬಸ್ಸಿನಲ್ಲಿ ಇಡೀ ದಾರಿ ಅವನನ್ನು ಬೈಯುತ್ತಾ ಬಂದೆ. ಉಪ್ಪಿನಂಗಡಿ ದಾಟುವಾಗ ಬೈಗುಳ ಮುಗಿದು ಹೋಯಿತು, ನಾಚಿಕೆ ಮಾತ್ರ ಉಳಿಯಿತು.

ನನ್ನ ಎನಾಮಲ್ ಬೋಗುಣಿ ಕಳಿಸೋಣವೆಂದರೆ ಅದರ ಎನಾಮಲ್ ಅಡಿಯಲ್ಲಿ ಎದ್ದಿದೆ. ಎರಡನೇ ಸಲ ಸಾಹಸಕ್ಕೆ ನನಗೆ ಧೈರ್ಯವಿಲ್ಲ.

ನಿನಗೆ ಕೋಪ ಇರಲಿ, ಅದು ನ್ಯಾಯ. ಆದರೆ ನನ್ನ ಮೇಲಿನ ಕೋಪಕ್ಕೆ ಕ್ಯಾಮೆರಾ ಬಿಡುವುದು, ಅಡುಗೆಯವನು ಉಪ್ಪು ಹೆಚ್ಚು ಹಾಕಿದನೆಂದು ಊಟವನ್ನೇ ಬಿಟ್ಟ ಹಾಗೆ. ಅಂಥವರನ್ನು ಕಂಡರೆ ನನಗೆ ಅಂಗಡಿಯವನಿಗಿಂತ ಹೆಚ್ಚು ತಾತ್ಸಾರ. ನೀನು ಅಂಥವಳಲ್ಲ. ಕ್ಯಾಮೆರಾವನ್ನು ಬಸ್ಸಿನಲ್ಲಿ ಕಳಿಸುವುದಿಲ್ಲ. ಬೇಕಾದರೆ ಬಂದು ತೆಗೆದುಕೋ.

ಇತಿ,
ದೊಡ್ಡಪ್ಪ

*

ದರ್ಬೆ
24-3-1980

ದೊಡ್ಡಪ್ಪನಿಗೆ ನಮಸ್ಕಾರ.

ಈಸ್ಟರ್ ಕಳೆದ ಬುಧವಾರ ಬರುತ್ತೇನೆ. ಕ್ಯಾಮೆರಾ ಒರೆಸಿಡಿ. ಲೆನ್ಸನ್ನು ಪಂಚೆಯ ಅಂಚಿನಲ್ಲಿ ಒರೆಸಬೇಡಿ.

ಟ್ರೇ ಸಿಕ್ಕಿತು. ಕಪ್ಪಾದ ರೋಲುಗಳನ್ನು ತೆಗೆದುಕೊಂಡು ನಾನು ಹಲ್ಲಿನ ಡಾಕ್ಟ್ರ ಮನೆಗೆ ಹೋಗಿದ್ದೆ. ಮೊದಲೇ ಹೇಳಿದ್ದೆನಲ್ಲ ಎಂದು ಅವರು ಅನ್ನಲಿಲ್ಲ. ರೋಲನ್ನು ಬೆಳಕಿಗೆ ಹಿಡಿದು, “ಪಾಪ, ಕೈ ಚೆನ್ನಾಗಿ ಬಂದಿದೆ,” ಎಂದರು. ಆಮೇಲೆ ಬೀಗ ತೆಗೆದು ಕತ್ತಲೆ ಕೋಣೆ ತೋರಿಸಿದರು. ಟ್ರೇ, ಫೋಟೋ ದೊಡ್ಡದು ಮಾಡುವ ಯಂತ್ರ, ಗಡಿಯಾರ, ನೀವು ಬರೆದ ಏಪ್ರನ್ ಸಹಿತ ಎಲ್ಲವೂ ಉಂಟು. ಎಲ್ಲದರ ಮೇಲೂ ಅಂಗಡಿಯ ಕಾಗದ ಸುತ್ತಿದ ಹಾಗೇ ಉಂಟು. ಒಂದೂ ಒದ್ದೆಯಾಗಿಲ್ಲ. ನೀವು ಊಹಿಸಿದ್ದು ಸರಿ. ಅವರು ಇದುವರೆಗೆ ಒಂದು ಫೋಟೋ ಕೂಡ ತೊಳೆದಿಲ್ಲ. “ಇಷ್ಟು ಕೊಟ್ಟು ತಂದದ್ದು, ಕೆಡಿಸಿದ್ರೆ ಎಂತ ಮಾಡುದು ಅಂತ ಹೆದರಿಕೆ,” ಎಂದು ಅವರೇ ಹೇಳಿದರು.

ಕೋಣೆಯ ಬೀಗದ ಕೈ ನನಗೆ ಕೊಟ್ಟಿದ್ದಾರೆ. ಬದಲಿಗೆ ಒಂದು ಕೇಳಿದ್ದಾರೆ. ನೀವು ಒಂದು ಭಾನುವಾರ ಬಂದು ಅವರಿಗೆ ತೊಳೆಯಲು ಕಲಿಸಬೇಕಂತೆ. ನೀವು ಅವರ ಬಗ್ಗೆ ಏನೆಲ್ಲ ಬರೆದಿದ್ದೀರಿ ಎಂದು ನಾನು ಹೇಳಿಲ್ಲ.

ಅಪ್ಪನ ಮಾತು ಬದಲಾಗಿಲ್ಲ. “ಮದುವೆ ಇನ್ನೊಂದು ಸಲವಂತೆ, ಹಾಗಾದ್ರೆ ನನ್ನ ಮಾತೂ ಇನ್ನೊಂದು ಸಲ,” ಎಂದಿದ್ದಾರೆ. ಈ ಸಲ ಕೆಟ್ಟರೆ ನಾನೇ ಮುಟ್ಟುವುದಿಲ್ಲ. ಆದ್ದರಿಂದ ನನ್ನದೊಂದು ಷರತ್ತು. ತೆಗೆಯುವಾಗಲೂ ತೊಳೆಯುವಾಗಲೂ ನೀವು ಏನನ್ನೂ ಹೇಳಬಾರದು. ಕೇಳಿದರೂ ಹೇಳಬಾರದು.

ಇತಿ,
ಕುಮುದಿನಿ

*

ಕಡಬ
12-4-1980

ಚಿ. ಕುಮುದಿನಿಗೆ ದೊಡ್ಡಪ್ಪನ ಆಶೀರ್ವಾದ.

ಸುಖವಾಗಿ ತಲಪಿದೆಯಾ? ದಮಯಂತಿಯ ಮೊಣಕಾಲು, ತೀರ್ಥರಾಮನ ಕೆಮ್ಮು, ಎರಡನ್ನೂ ಕೇಳಿದೆನೆಂದು ಹೇಳು. ಸೇವಂತಿ ನಿನ್ನನ್ನು ನೆನೆಯುತ್ತಾಳೆ. ಆ ದಿನ ನಾನು ಬಾಯಿ ಮುಚ್ಚಿದ್ದನ್ನು ನೆನೆದು ಇನ್ನೂ ನಗುತ್ತಾಳೆ.

ಆ ದಿನದ್ದನ್ನೂ, ನೀನು ಬಸ್ಸಿಗೆ ಓಡಿದ ಮೇಲೆ ಇಲ್ಲಿ ನಡೆದದ್ದನ್ನೂ ಬರೆಯಬೇಕು. ಡೊಮಿನಿಕ್‌ನ ಮೀಸೆಯ ವಿಷಯ ಕಡಬದ ಪೇಟೆಯವರೆಗೂ ಹೋಗಿದೆ. ಮಾವನ ಮನೆಗೆ ಹೊರಡುವ ದಿನ ಕ್ಷೌರದವನ ಕತ್ತಿ ಒಂದು ಬದಿಗೆ ಜಾರಿ, ಸಮ ಮಾಡಲು ಹೋಗಿ ಎರಡೂ ಬದಿ ಬೋಳಾದ ಅಳಿಯನನ್ನು ಕಂಡಾಗ ಅಚ್ಚಾಮ್ಮ ಎದೆಗೆ ಕೈ ಹಚ್ಚಿ, “ಅಯ್ಯೋ ದೇವರೇ, ಮೀಸೆಯ ಹುಡುಗ ಅಂತ ಬರೆದಿದ್ದೆವು, ಮೊಮ್ಮಗಳನ್ನು ಬೇರೆ ಯಾರಿಗೋ ಕೊಟ್ಟಿದ್ದಾರೆ ಅಂತ ಅಮ್ಮಚ್ಚಿ ಹೇಳ್ತಾಳಲ್ಲ!” ಎಂದದ್ದು ನನ್ನ ಕಿವಿಯಲ್ಲೇ ಉಂಟು. ನೀನು ಆಲೀಸಿನ ಕಾಡಿಗೆ ತೆಗೆದು ಅವನಿಗೆ ಮೀಸೆ ಬರೆದಾಗ ನನಗೆ ಹೇಳಲು ಬೇಕಾದಷ್ಟಿತ್ತು. “ಡೊಮಿನಿಕ್ ಬಾವ, ನಗಬೇಡಿ, ನಕ್ಕರೆ ಮೀಸೆ ಓರೆಯಾಗ್ತದೆ,” ಎಂದು ನೀನು ಹೇಳಿದ ಕೂಡಲೇ ಕುರಿಯನ್ ನಕ್ಕನಲ್ಲ, ನನ್ನ ಕಡೆಗೆ ತಿರುಗಿ ನಕ್ಕ. ಜನವರಿಯಿಂದ ಮೊದಲ ಸಲ. ಆಲೀಸು ಎರಡು ಸಲ ಬಾಯಿಗೆ ಕೈ ಹಿಡಿದು ಮನೆಯ ಹಿಂದೆ ಓಡಿದಳಲ್ಲ, ಅದರ ಕಾರಣ ನೀನು ಹೋದ ಮೇಲೆ ತಿಳಿಯಿತು. ಮುದುಕಿಗೆ ಫೋಟೋದ ಜೊತೆ ಮರಿಮಗುವಿನ ಸುದ್ದಿಯೂ ಹೋಗುತ್ತದಂತೆ.

ಬಿಸಿಲಿಗೆ ಬಿಳಿ ಬೆಡ್‌ಶೀಟ್ ಹಿಡಿದು ನಿಂತ ನನ್ನನ್ನು, “ದೊಡ್ಡಪ್ಪ, ಬಾಯಿ ಅಲ್ಲ, ಬಟ್ಟೆ ಬಿಡಿಸಿ ಹಿಡೀರಿ,” ಎಂದು ಎಲ್ಲರೆದುರು ಹೇಳಿದೆ. ನಾನು ತುಟಿ ಬಿಚ್ಚಿರಲೇ ಇಲ್ಲ. ಮುಖದಲ್ಲೇ ಕಂಡಿರಬೇಕು. ನೀನು ಬೆಳಕು ನೋಡಿ ಅವರನ್ನು ಹಲಸಿನ ಮರದಡಿಯಿಂದ ಜಗಲಿಯ ಅಂಚಿಗೆ ಕರೆತಂದಾಗ, ಅದೇ ಸರಿ ಎಂದು ಹೇಳಬೇಕೆನಿಸಿತು. ಹೊಗಳಿಕೆಯೂ ಷರತ್ತಿನಲ್ಲಿ ಸೇರಿದೆಯೋ ಇಲ್ಲವೋ ತಿಳಿಯದೆ ಸುಮ್ಮನಾದೆ.

ಆ ಡಾಕ್ಟ್ರಿಗೆ ಹೇಳು, ಇಪ್ಪತ್ತೇಳನೇ ತಾರೀಕು ಭಾನುವಾರ ಬರುತ್ತೇನೆ. ಅವರ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ ಎಂದು ತಿಳಿಯಬೇಡ. ಕೊಂಡದ್ದನ್ನು ಮುಟ್ಟಲು ಹೆದರುವವನಿಗೆ ಅಷ್ಟು ಸಾಮಾನು ಎಂತಕ್ಕೆ? ಅವರಂಥವರು ಕೊಳ್ಳುವುದರಿಂದಲೇ ನಿನ್ನಂಥವರಿಗೆ ಕ್ರಯ ಏರುವುದು. ಆದರೆ ಅವರು ಗೊತ್ತಿದ್ದದ್ದನ್ನು ಹೇಳಿದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ನಾನು ಎರಡನ್ನೂ ಮಾಡಲಿಲ್ಲ. ಹಾಗಾಗಿ ಬರುತ್ತೇನೆ. ಏಪ್ರನ್ ಕಟ್ಟುವುದಿಲ್ಲ.

ಫಿಲ್ಮ್ ತೊಳೆದು ಆಗಿರಬಹುದು. ಇಲ್ಲಿ ಕುರಿಯನ್ ದಿನಕ್ಕೆರಡು ಸಲ ಬೇಲಿಯ ಹತ್ತಿರ ಬರುತ್ತಾನೆ. ಬಾಯಿಬಿಟ್ಟು ಕೇಳುವುದಿಲ್ಲ, ಹವೆಯ ವಿಷಯ ಮಾತಾಡಿ ಹೋಗುತ್ತಾನೆ. ನಿನ್ನ ಷರತ್ತು ಮುಗಿದಿದ್ದರೆ ನನ್ನದೊಂದು ಮಾತು ಕೇಳು. ಸರಿ ಬಂದಿದ್ದರೆ ನನಗೆ ಬರೆಯಬೇಡ. ಕುರಿಯನ್‌ಗೆ ನೇರ ಬರೆ, ಅದು ನಿನ್ನ ಕೈಯಿಂದಲೇ ಅವನಿಗೆ ಹೋಗಬೇಕು. ಅವನ ಕೂಗು ಬೇಲಿಯಾಚೆಯಿಂದ ನನಗೆ ಕೇಳುತ್ತದೆ. ಕೆಟ್ಟಿದ್ದರೆ ಅವನಿಗೆ ಬರೆಯಬೇಡ, ನಿನ್ನ ಅಪ್ಪನಿಗೂ ಹೇಳಬೇಡ. ನನಗೆ ಬರೆ. ಆ ಅಂಗಳಕ್ಕೆ ಇನ್ನೊಂದು ಸಲ ಹೋಗಿ ನಿಲ್ಲುವವ ನಾನೇ.

ಇಷ್ಟು ಬರೆದ ಮೇಲೆ ಅನಿಸುತ್ತದೆ, ನಾಳೆಯಿಂದ ಅಂಚೆಯವ ನಮ್ಮ ಮನೆ ಬಿಟ್ಟು ಮುಂದೆ ಹೋದರೆ ಸಂತೋಷಪಡಬೇಕು, ನಿಂತರೆ ಹೆದರಬೇಕು. ಈ ವಯಸ್ಸಿಗೆ ಅದು ನನ್ನಿಂದಾಗದು. ಸರಿ ಬಂದಿರಲಿ, ಕೆಟ್ಟಿರಲಿ, ನನಗೂ ಒಂದು ಕಾರ್ಡು ಹಾಕು ಮಗಾ. ಇವತ್ತೇ ಹಾಕು.

ಇತಿ,
ನಿನ್ನ ದೊಡ್ಡಪ್ಪ
ಬೋಜಪ್ಪ